ಸ್ವಂತ ಸೂಪರ್‌ಹೀರೋ ಕಾಮಿಕ್ಸ್ ಸರಣಿಗೆ ಹೀರೋ ಮತ್ತು ಖಳನನ್ನು ಕಟ್ಟುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಸೂಪರ್‌ಹೀರೋ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹುಟ್ಟಿ ಅಲ್ಲೇ ಸತ್ತ. ಹಾರುತ್ತಿದ್ದ, ಗೋಡೆ ಒಡೆಯುತ್ತಿದ್ದ, ಎದುರಿಗಿದ್ದವರ ಮನಸ್ಸು ಓದುತ್ತಿದ್ದ, ಬೇಕೆಂದಾಗ ಕಾಲವನ್ನೂ ಹಿಂದಕ್ಕೆ ತಿರುಗಿಸುತ್ತಿದ್ದ. ಅವನ ಪವರ್‌ಗಳ ಪಟ್ಟಿಗೇ ಹನ್ನೊಂದು ಪುಟ ಹೋಗಿತ್ತು. ಕಥೆ ಬರೆಯಲು ಕೂತರೆ ಮೂರನೇ ಪುಟಕ್ಕೆ ಪೆನ್ನು ನಿಂತಿತು. ಇಷ್ಟೆಲ್ಲ ಬಲ್ಲವನ ಎದುರು ಯಾರನ್ನು ನಿಲ್ಲಿಸುವುದು? ನಿಲ್ಲಿಸಿದರೂ ಅವನಿಗೆ ಇವನ ಮೇಲೆ ಸಿಟ್ಟೇಕೆ? ಕೊನೆಗೆ 'ಡಾಕ್ಟರ್ ಡೇಂಜರ್' ಎಂಬ ಹೆಸರಿನವನೊಬ್ಬನನ್ನು ತಂದೆ. ಅವನಿಗೆ ಜಗತ್ತನ್ನು ಗೆಲ್ಲುವ ಆಸೆ. ಗೆದ್ದು ಏನು ಮಾಡುತ್ತಾನೆ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ.

ಆಮೇಲೆ ಹಲವು ನೋಟ್‌ಬುಕ್ ಹಾಳು ಮಾಡಿ ಕಲಿತದ್ದು ಇಷ್ಟೆ: ಹೀರೋನನ್ನು ಮುಗಿಸಿಕೊಂಡು ಆಮೇಲೆ ಖಳನನ್ನು ಹುಡುಕಲು ಹೋಗಬಾರದು. ಇಬ್ಬರನ್ನೂ ಒಂದೇ ಹಾಳೆಯ ಮೇಲೆ, ಒಂದೇ ದಿನ ಶುರು ಮಾಡಬೇಕು. ಕೆಳಗಿನ ಹಂತಗಳೆಲ್ಲ ಇದೇ ಮಾತಿನ ವಿಸ್ತರಣೆ. ಉದಾಹರಣೆಗೆ ನಾನೇ ಕಟ್ಟುತ್ತಿರುವ ಜೋಡಿಯೊಂದನ್ನು ಮೊದಲಿಂದ ಕೊನೆಯವರೆಗೂ ಜೊತೆಗಿಟ್ಟುಕೊಂಡಿದ್ದೇನೆ.

ಹಂತ 1: ಪವರ್ ಬದಿಗಿಡಿ, ಪ್ರಶ್ನೆ ಹುಡುಕಿ

ಖಾಲಿ ಹಾಳೆಯ ತಲೆಯಲ್ಲಿ ಒಂದೇ ಸಾಲಿನ ಪ್ರಶ್ನೆ ಬರೆಯಿರಿ. ಒಳ್ಳೆಯವರಿಬ್ಬರು ಅದರ ಮೇಲೆ ರಾತ್ರಿಯಿಡೀ ಜಗಳವಾಡುವಂತಿರಬೇಕು. 'ಕೊಲೆ ಮಾಡುವುದು ಸರಿಯೇ?' ಎಂದು ಬರೆದರೆ ಜಗಳ ಹುಟ್ಟುವುದಿಲ್ಲ, ಉತ್ತರ ಎಲ್ಲರಿಗೂ ಗೊತ್ತು. 'ಕಿವಿಗೆ ಬಿದ್ದದ್ದನ್ನೆಲ್ಲ ಹೇಳಿಬಿಡಬೇಕೆ?' ಎಂದು ಬರೆದು ನೋಡಿ. ಗುಟ್ಟು ಉಳಿಸಿ ಒಂದು ಮನೆ ಕಾಪಾಡಿದವರೂ ಇದ್ದಾರೆ, ಗುಟ್ಟು ಉಳಿಸಿದ್ದರಿಂದಲೇ ಮನೆ ಮುರಿದವರೂ ಇದ್ದಾರೆ. ನನ್ನ ಸರಣಿಗೆ ಇದೇ ಪ್ರಶ್ನೆ.

ಬಾಳಿ ಉಳಿದ ಪಾತ್ರಗಳನ್ನು ಈ ಕಣ್ಣಿನಿಂದ ನೋಡಿದರೆ ಬುಡದಲ್ಲಿ ಇಂಥದ್ದೊಂದು ಸಿಗುತ್ತದೆ. 1962ರ ಆಗಸ್ಟ್ ತಿಂಗಳ ಕಾಮಿಕ್ಸ್ ಸಂಚಿಕೆಯೊಂದರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ತಂದ ಸ್ಪೈಡರ್‌ಮ್ಯಾನ್‌ಗೆ ಜೇಡ ಕಚ್ಚಿದ್ದು ಎಲ್ಲರಿಗೂ ನೆನಪಿದೆ. ಕಥೆ ನಿಂತಿರುವುದು ಮಾತ್ರ ಬೇರೆಡೆ: ಓಡಿಹೋಗುತ್ತಿದ್ದ ಕಳ್ಳನನ್ನು ಹುಡುಗ 'ನನಗೇಕೆ' ಎಂದು ಬಿಟ್ಟುಬಿಡುತ್ತಾನೆ, ಅದೇ ಕಳ್ಳ ಮುಂದೆ ಅವನ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಕೈಲಾಗುವವನು ಸುಮ್ಮನಿದ್ದರೆ ಅದು ತಪ್ಪೇ? ಜೇಡ ತೆಗೆದು ಚೇಳು ಹಾಕಿದ್ದರೂ ಕಥೆ ಉಳಿಯುತ್ತಿತ್ತು. ಈ ಪ್ರಶ್ನೆ ತೆಗೆದಿದ್ದರೆ ಉಳಿಯುತ್ತಿರಲಿಲ್ಲ.

ಪ್ರಶ್ನೆ ಸಿಗದೆ ಒದ್ದಾಡುತ್ತಿದ್ದರೆ ನಿಮಗೆ ಇನ್ನೂ ನಾಚಿಕೆ ತರಿಸುವ ಹಳೆಯ ಘಟನೆಯೊಂದನ್ನು ನೆನೆಯಿರಿ. ಅದನ್ನು ಕಥೆಗೆ ತರಬೇಕೆಂದಿಲ್ಲ. ಅಂದು ನೀವು ಯಾವ ಎರಡು ದಾರಿಗಳ ನಡುವೆ ನಿಂತಿದ್ದಿರಿ ಎಂಬುದಷ್ಟನ್ನು ತೆಗೆದುಕೊಳ್ಳಿ.

ಹಂತ 2: ಒಂದೇ ಗಾಯ, ಎರಡು ಉತ್ತರ

ಈಗ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಹೀರೋ, ಬಲಕ್ಕೆ ಖಳ. ಹಂತ 1ರ ಪ್ರಶ್ನೆಗೆ ಇಬ್ಬರೂ ಉತ್ತರ ಕೊಡಬೇಕು, ಮತ್ತು ಎರಡೂ ಉತ್ತರಗಳಿಗೆ ಕಾರಣವಾದ ಗಾಯ ಒಂದೇ ಆಗಿದ್ದರೆ ಉತ್ತಮ.

ನನ್ನ ಹಾಳೆಯಲ್ಲಿ ಎಡಕ್ಕೆ ರೇವತಿ. ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ಕಟಕಟೆಯಲ್ಲಿ ನಿಂತವರು ಆಡಿದ ಪ್ರತಿಯೊಂದು ಮಾತನ್ನೂ ಬರೆದುಕೊಳ್ಳುವುದು ಅವಳ ಕೆಲಸ. ಬಲಕ್ಕೆ ಸದಾನಂದ, ಸಾಕ್ಷಿ ಹೇಳಲು ಬಂದವನು. ಧೈರ್ಯ ಮಾಡಿ ಒಂದು ವಾಕ್ಯ ಹೇಳುತ್ತಾನೆ, ವಕೀಲರು ಆಕ್ಷೇಪ ಎತ್ತುತ್ತಾರೆ, ನ್ಯಾಯಾಧೀಶರು 'ಇದನ್ನು ಕಡತದಿಂದ ತೆಗೆಯಿರಿ' ಎನ್ನುತ್ತಾರೆ. ಆ ವಾಕ್ಯದ ಮೇಲೆ ಗೆರೆ ಎಳೆದವಳು ರೇವತಿ. ಅವಳು ತನ್ನ ಕೆಲಸ ಮಾಡಿದಳು, ಅಷ್ಟೇ. ಅವನ ಪಾಲಿಗೆ ಜೀವನದಲ್ಲಿ ಒಮ್ಮೆ ಬಾಯಿಬಿಟ್ಟು ಆಡಿದ ಸತ್ಯ ಅಳಿಸಿಹೋಯಿತು. ಅವತ್ತಿನಿಂದ ಅವಳ ಉತ್ತರ: ಕೆಲವು ಮಾತು ನನ್ನಲ್ಲೇ ಉಳಿಯಲಿ, ಹೊರಬಿದ್ದರೆ ಜನ ಸಾಯುತ್ತಾರೆ. ಅವನ ಉತ್ತರ: ಯಾವ ಮಾತೂ ಅಳಿಯಬಾರದು, ಪ್ರತಿಯೊಬ್ಬರ ಪ್ರತಿಯೊಂದು ಗುಟ್ಟೂ ಬೀದಿಯಲ್ಲಿ ಮೊಳಗಬೇಕು.

ಇಲ್ಲಿಯವರೆಗೆ ಇಬ್ಬರಿಗೂ ಪವರ್ ಇಲ್ಲ. ಆದರೂ ಇವರನ್ನು ಒಂದು ಕೋಣೆಯಲ್ಲಿ ಕೂಡಿಹಾಕಿದರೆ ಹತ್ತು ಪುಟ ಬರೆಯಬಹುದು. ಅದು ಸಾಧ್ಯವಾದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

ಹಳಬರಲ್ಲಿ ಈ ಕೆಲಸಕ್ಕೆ ನನಗೆ ಇಷ್ಟವಾದ ಮಾದರಿ ಡಾಕ್ಟರ್ ಡೂಮ್. 1962ರಲ್ಲಿ ಹೀರೋಗಳ ತಂಡವಾದ ಫೆಂಟಾಸ್ಟಿಕ್ ಫೋರ್‌ನ ಐದನೇ ಸಂಚಿಕೆಯಲ್ಲಿ ಬಂದ. ಅವನ ಪೂರ್ತಿ ಹಿನ್ನೆಲೆ ಬಂದದ್ದು 1964ರಲ್ಲಿ. ಕಾಲೇಜಿನಲ್ಲಿ ಅವನ ಲೆಕ್ಕದಲ್ಲಿ ತಪ್ಪಿದೆ ಎಂದು, ಮುಂದೆ ಆ ತಂಡದ ನಾಯಕನಾಗುವ ರೀಡ್ ರಿಚರ್ಡ್ಸ್ ಎಚ್ಚರಿಸುತ್ತಾನೆ, ಇವನು ಕೇಳುವುದಿಲ್ಲ, ಯಂತ್ರ ಸಿಡಿದು ಮುಖ ಸುಟ್ಟುಹೋಗುತ್ತದೆ. ಇಬ್ಬರೂ ಮಹಾ ಬುದ್ಧಿವಂತರು, ನಡುವೆ ಇರುವುದು ಒಂದು ತಪ್ಪು ಲೆಕ್ಕ. ಆಮೇಲೆ ಅವನು ತೊಡುವ ಮುಖವಾಡದ ಹಿಂದೆ ಮುಚ್ಚಿಟ್ಟಿರುವುದು 'ಅವನು ಹೇಳಿದ್ದೇ ಸರಿಯಿತ್ತು' ಎಂಬ ಅವಮಾನ ಎಂದು ನಾನು ಓದಿಕೊಳ್ಳುತ್ತೇನೆ.

ಇನ್ನೊಂದು ವಿಚಾರ, ತುಸು ದಾರಿ ತಪ್ಪಿದರೂ ಹೇಳಿಬಿಡುತ್ತೇನೆ. ಸೂಪರ್‌ಮ್ಯಾನ್ ಎಂಬ ಹೆಸರನ್ನು ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್ ಮೊದಲು ಬಳಸಿದ್ದು ಒಬ್ಬ ಖಳನಿಗೆ! 1933ರಲ್ಲಿ ತಾವೇ ಅಚ್ಚು ಹಾಕುತ್ತಿದ್ದ ಪುಟ್ಟ ಪತ್ರಿಕೆಯಲ್ಲಿ, ಪರರ ಮನಸ್ಸು ಓದಬಲ್ಲ ಬೋಳುತಲೆಯ ದುಷ್ಟನ ಕಥೆ ಅದು. ಅದೇ ಹೆಸರನ್ನು ಒಳ್ಳೆಯವನಿಗೆ ತೊಡಿಸಿ, 1938ರ ಜೂನ್ ತಾರೀಕಿನ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಗೆ ಬರುವಷ್ಟರಲ್ಲಿ ಐದು ವರ್ಷ ಕಳೆದಿತ್ತು. ನಿಮ್ಮ ಹಾಳೆಯ ಎಡಬಲ ಅದಲುಬದಲು ಮಾಡಿ ಒಮ್ಮೆ ನೋಡಿ. ಕೆಲವೊಮ್ಮೆ ಹೀರೋ ತಪ್ಪು ಬದಿಯಲ್ಲಿ ಕೂತಿರುತ್ತಾನೆ.

ಹಂತ 3: ಪವರ್, ಅದರ ಅಳತೆ, ಅದರ ಬೆಲೆ

ಪವರ್ ಆಕಾಶದಿಂದ ಉದುರಬಾರದು, ಗಾಯದಿಂದಲೇ ಮೊಳೆಯಬೇಕು. ರೇವತಿಗೆ ಸದ್ದು ನುಂಗುವ ಪವರ್ ಕೊಟ್ಟೆ. ಸದಾನಂದನಿಗೆ ಎಂದೋ ಎಲ್ಲೋ ಆಡಿದ ಮಾತನ್ನು ಗೋಡೆಗಳಿಂದ ಎಬ್ಬಿಸಿ ಮತ್ತೆ ಕೇಳಿಸುವ ಪವರ್.

ಇಷ್ಟಕ್ಕೆ ನಿಲ್ಲಿಸಿದರೆ ನನ್ನ ಹನ್ನೊಂದು ಪುಟದ ಪಟ್ಟಿಯ ಗತಿಯೇ. ಪ್ರತಿ ಪವರ್‌ಗೂ ನಾಲ್ಕು ಸಾಲಿನ ಖಾತೆ ತೆರೆಯಿರಿ: ಏನು ಮಾಡುತ್ತದೆ, ಎಷ್ಟು ದೂರ ಅಥವಾ ಎಷ್ಟು ಹೊತ್ತು, ಬಳಸಿದವರು ಏನು ತೆರುತ್ತಾರೆ, ಯಾರ ಮೇಲೆ ನಡೆಯುವುದಿಲ್ಲ. ರೇವತಿಯ ಖಾತೆ ಹೀಗಿದೆ. ತನ್ನ ಸುತ್ತ ಹತ್ತು ಹೆಜ್ಜೆಯೊಳಗಿನ ಸದ್ದನ್ನೆಲ್ಲ ಒಳಗೆಳೆದುಕೊಳ್ಳುತ್ತಾಳೆ. ಬೇಕಾದದ್ದು ಬೇಡದ್ದು ಎಂದು ಆರಿಸಲು ಬರುವುದಿಲ್ಲ, ಸ್ಫೋಟದ ಸದ್ದಿನ ಜೊತೆ ಕೂಸಿನ ಅಳುವೂ ಒಳಗೆ ಹೋಗುತ್ತದೆ. ನುಂಗುವಾಗ ಅವಳಿಗೇ ಏನೂ ಕೇಳಿಸದು, ಹಿಂದಿನಿಂದ ಯಾರಾದರೂ ಬಂದರೆ ಗೊತ್ತಾಗದು. ನುಂಗಿದ್ದನ್ನು ಬೆಳಗಾಗುವುದರೊಳಗೆ ಹೊರಗೆ ಬಿಡಬೇಕು, ಅದೂ ಎಲ್ಲವನ್ನೂ ಒಟ್ಟಿಗೆ. ಬಿಡದಿದ್ದರೆ ಅಷ್ಟೂ ಅವಳ ತಲೆಯೊಳಗೆ ಮೊಳಗುತ್ತದೆ.

ಸದಾನಂದನ ಖಾತೆಯ ಕೊನೆಯ ಸಾಲಿಗೆ ನಾನು ಎರಡು ವಾರ ಕಾದೆ. ಜಗತ್ತಿನ ಯಾರ ಮಾತನ್ನಾದರೂ ಎಬ್ಬಿಸಬಲ್ಲ, ತನ್ನದೊಂದನ್ನು ಬಿಟ್ಟು. ಅಳಿಸಿಹೋದ ಆ ವಾಕ್ಯ ಅವನಿಗೆ ಸಿಗುವುದಿಲ್ಲ. ಈ ಸಾಲು ಬರೆದ ಮೇಲೆ ಅವನ ಬಗ್ಗೆ ನನಗೆ ಮೊದಲ ಸಲ ಪಾಪ ಅನಿಸಿತು. ಖಳನ ಬಗ್ಗೆ ಬರೆದವನಿಗೇ ಪಾಪ ಅನಿಸಿದರೆ ಒಳ್ಳೆಯ ಲಕ್ಷಣ.

ಮಿತಿ ಇಟ್ಟರೆ ಹೀರೋ ಸಪ್ಪೆಯಾಗುತ್ತಾನೆ ಎಂದು ಹೆದರಬೇಡಿ. 1938ರ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ. ಎಂಟನೇ ಒಂದು ಮೈಲಿ, ಅಂದರೆ ಸುಮಾರು 200 ಮೀಟರ್ ನೆಗೆಯುತ್ತಿದ್ದ. ಎಕ್ಸ್‌ಪ್ರೆಸ್ ರೈಲಿಗಿಂತ ವೇಗವಾಗಿ ಓಡುತ್ತಿದ್ದ. ಸಿಡಿಯುವ ಫಿರಂಗಿ ಗುಂಡಿಗಿಂತ ಕಡಿಮೆಯದು ಯಾವುದೂ ಅವನ ಚರ್ಮಕ್ಕೆ ತಾಗುತ್ತಿರಲಿಲ್ಲ, ಅಂದರೆ ಸಿಡಿಗುಂಡು ತಾಗಬಹುದಿತ್ತು. ವರ್ಷ ಕಳೆದಂತೆ ಪವರ್ ಏರುತ್ತಾ ಹೋಗಿ, ಅವನನ್ನು ಕಷ್ಟಕ್ಕೆ ಸಿಕ್ಕಿಸುವುದೇ ಬರೆಯುವವರಿಗೆ ಕಷ್ಟವಾಯಿತು. ಅವನ ಬಲ ಕುಂದಿಸುವ ಕ್ರಿಪ್ಟೊನೈಟ್ ಎಂಬ ಕಲ್ಲು ಮೊದಲು 1943ರಲ್ಲಿ ರೇಡಿಯೊ ಧಾರಾವಾಹಿಯಲ್ಲಿ ಬಂತು, ಕಾಮಿಕ್ಸ್ ಪುಟಕ್ಕೆ ಇಳಿದದ್ದು 1949ರಲ್ಲಿ. ಆಮೇಲೆ ಕಲ್ಲು ಹುಡುಕುವ ಬದಲು ಮೊದಲೇ ಖಾತೆ ಬರೆದಿಟ್ಟುಕೊಳ್ಳುವುದು ಸುಲಭ.

ಹಂತ 4: ಹುಟ್ಟಿನ ಕಥೆ ಎಷ್ಟು ಉದ್ದ?

ಗಿಡ್ಡ. ಸೂಪರ್‌ಮ್ಯಾನ್‌ನ ಹುಟ್ಟಿಗೆ ಮೊದಲ ಸಂಚಿಕೆಯಲ್ಲಿ ಒಂದೇ ಪುಟ. ಸ್ಪೈಡರ್‌ಮ್ಯಾನ್‌ನ ಮೊದಲ ಕಥೆ ಪೂರ್ತಿ ಸೇರಿ 11 ಪುಟ. ಬ್ಯಾಟ್‌ಮ್ಯಾನ್ 1939ರ ಮೇ ಸಂಚಿಕೆಯಲ್ಲಿ ಬಂದರೂ ಅವನ ಅಪ್ಪ ಅಮ್ಮ ಸತ್ತ ವಿಷಯ ಓದುಗರಿಗೆ ತಿಳಿದದ್ದು ಅದೇ ವರ್ಷದ ನವೆಂಬರ್ ಸಂಚಿಕೆಯಲ್ಲಿ, ಎರಡು ಪುಟದಲ್ಲಿ. ಅಲ್ಲಿಯವರೆಗೆ ಯಾರೂ 'ಇವನು ಬಾವಲಿ ವೇಷ ಯಾಕೆ ಹಾಕಿದ' ಎಂದು ಪುಸ್ತಕ ಕೆಳಗಿಡಲಿಲ್ಲ. ಕೆಲಸ ಮಾಡುತ್ತಿರುವ ಹೀರೋನನ್ನು ಮೊದಲು ತೋರಿಸಿ, ಹುಟ್ಟು ಆಮೇಲೆ ಬರಲಿ. ನಾನಂತೂ ರೇವತಿಗೆ ಪವರ್ ಹೇಗೆ ಬಂತು ಎಂಬುದನ್ನು ಎರಡೇ ಚೌಕದಲ್ಲಿ (ಕಾಮಿಕ್ಸ್ ಪುಟದ ಒಂದೊಂದು ಚಿತ್ರಕ್ಕೆ ಚೌಕ ಎನ್ನುತ್ತಿದ್ದೇನೆ) ಮುಗಿಸಿದ್ದೇನೆ.

ಹಂತ 5: ಖಳನಿಗೆ ಹೆಚ್ಚು ಹೊತ್ತು ಕೊಡಿ

ನಿಮ್ಮ ಬಳಿ ಹತ್ತು ಗಂಟೆ ಇದ್ದರೆ ಆರು ಗಂಟೆ ಖಳನಿಗೆ ಮೀಸಲಿಡಿ. ಕಥೆಯನ್ನು ಶುರು ಮಾಡುವವನು ಅವನು. ಹೀರೋ ಹೆಚ್ಚಾಗಿ ಯಾರೋ ಮಾಡಿದ್ದನ್ನು ತಡೆಯಲು ಓಡುತ್ತಿರುತ್ತಾನೆ. ಬೆಳಗ್ಗೆ ಎದ್ದು ಯೋಜನೆ ಹಾಕುವವನು, ಹಣ ಹೊಂದಿಸುವವನು, ಜನ ಸೇರಿಸುವವನು ಖಳ. ಅವನಿಗೆ ಸೋಮವಾರ ಮಾಡಲು ಕೆಲಸವಿರಬೇಕು. 'ಜಗತ್ತನ್ನು ಆಳಬೇಕು' ಎಂಬುದು ಸೋಮವಾರದ ಕೆಲಸವಲ್ಲ. 'ಹದಿನಾಲ್ಕು ವರ್ಷದ ಹಿಂದೆ ಆ ಕೋಣೆಯಲ್ಲಿ ಮೂವರು ಮಂತ್ರಿಗಳು ಮಾತಾಡಿದ್ದನ್ನು ಇಂದು ಸಂಜೆ ಊರ ವೃತ್ತದಲ್ಲಿ ಕೇಳಿಸುವುದು' ಎಂಬುದು ಕೆಲಸ.

ಹೀಗೊಂದು ಪರೀಕ್ಷೆ ಮಾಡಿ: ಮೊದಲ ಸಂಚಿಕೆಯ ಕಥೆಯನ್ನು ಖಳನ ಬಾಯಲ್ಲಿ, 'ನಾನು' ಎಂದು ಒಂದು ಪುಟ ಬರೆಯಿರಿ. ಅದರಲ್ಲಿ 'ದುಷ್ಟ', 'ಸರ್ವನಾಶ', ಅಟ್ಟಹಾಸದ ನಗು ಯಾವುದೂ ಬರಕೂಡದು. ತನ್ನ ಪಾಲಿಗೆ ಅವನು ನ್ಯಾಯವನ್ನೇ ಮಾಡುತ್ತಿದ್ದಾನೆ. ನಾನು ಬರೆದ ಪುಟ ಹೀಗೆ ಶುರುವಾಗುತ್ತದೆ: "ಅವರು ನನ್ನನ್ನು ಸುಳ್ಳುಗಾರ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು. ನಾನು ಮಾತೇ ಆಡಲಿಲ್ಲ ಅನ್ನುವ ಹಾಗೆ ಮಾಡಿದರು."

ಖಳನ ಗಾಯ ಮೊದಲ ದಿನವೇ ಪೂರ್ತಿ ಗೊತ್ತಿರಬೇಕೆಂದಿಲ್ಲ. 1963ರಲ್ಲಿ ಎಕ್ಸ್‌ಮೆನ್ ಮೊದಲ ಸಂಚಿಕೆಯಲ್ಲಿ ಬಂದ ಮ್ಯಾಗ್ನೆಟೊ ಆಗ ಆರ್ಭಟಿಸುವ ಒಬ್ಬ ಖಳ, ಅಷ್ಟೇ. ನಾಜಿಗಳ ಆಶ್‌ವಿಟ್ಜ್ ಶಿಬಿರದಲ್ಲಿ ಬೆಳೆದವನು ಎಂಬ ಹಿನ್ನೆಲೆ ಅವನಿಗೆ ಸೇರಿದ್ದು 1981ರ 150ನೇ ಸಂಚಿಕೆಯಲ್ಲಿ, ಕಥೆಗಾರ ಕ್ರಿಸ್ ಕ್ಲೇರ್ಮಾಂಟ್ ಕೈಯಲ್ಲಿ. ಅಂದಿನಿಂದ ಅವನ ಹಳೆಯ ಕೂಗಾಟಕ್ಕೂ ಅರ್ಥ ಬಂತು: ಒಮ್ಮೆ ಒಂದು ಜನಾಂಗವನ್ನೇ ಪಟ್ಟಿ ಮಾಡಿ ಕೊಂದದ್ದನ್ನು ಕಂಡವನು, ಮತ್ತೊಮ್ಮೆ, ಈ ಸಲ ತನ್ನಂತೆ ಪವರ್ ಇರುವವರ, ಪಟ್ಟಿ ತಯಾರಾಗುವುದನ್ನು ಸುಮ್ಮನೆ ನೋಡುತ್ತಾನೆಯೇ?

ಖಳನನ್ನು ಮೊದಲ ಸಂಚಿಕೆಯಲ್ಲೇ ಕೊಲ್ಲುವ ಆಸೆ ಎಲ್ಲರಿಗೂ ಬರುತ್ತದೆ. ಜೋಕರ್‌ಗೂ ಅದೇ ಗತಿ ಕಾದಿತ್ತು. 1940ರ ಬ್ಯಾಟ್‌ಮ್ಯಾನ್ ಮೊದಲ ಸಂಚಿಕೆಯ ಕೊನೆಗೆ ಅವನು ತನ್ನದೇ ಚೂರಿಗೆ ಬಿದ್ದು ಸಾಯಬೇಕಿತ್ತು. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಬೇಡವೆಂದರು. ಅವನಿನ್ನೂ ಬದುಕಿದ್ದಾನೆ ಎಂದು ತೋರಿಸುವ ಚೌಕವೊಂದನ್ನು ಅವಸರದಲ್ಲಿ ಸೇರಿಸಲಾಯಿತು. ಒಂದು ಚೌಕ, ಎಂಬತ್ತು ವರ್ಷಕ್ಕೂ ಮೀರಿದ ಕಥೆಗಳು.

ಪ್ರತಿ ಖಳನೂ ದೊಡ್ಡವನಾಗಬೇಕಿಲ್ಲ. ಸರಣಿ ನಡೆಯಲು ಸಣ್ಣಪುಟ್ಟ ಖಳರೂ ಬೇಕು, ಒಂದು ಸಂಚಿಕೆಗೆ ಬಂದು ಪೆಟ್ಟು ತಿಂದು ಹೋಗುವವರು. ಅವರಿಗೆ ಗಾಯ, ಪ್ರಶ್ನೆ ಇತ್ಯಾದಿ ಹೊರಿಸಬೇಡಿ, ಒಂದು ಮಜವಾದ ಪವರ್ ಸಾಕು. ಪವರ್ರೇ ಇಲ್ಲದ ಖಳನೊಬ್ಬನೂ ಇರಲಿ: ಲೆಕ್ಸ್ ಲೂಥರ್ 1940ರಲ್ಲಿ ಕೆಂಪು ಕೂದಲಿನವನಾಗಿ ಬಂದು ಮರುವರ್ಷವೇ ಬೋಳಾದ, ಆದರೆ ಸೂಪರ್‌ಮ್ಯಾನ್‌ನ ಎದುರು ಅವನ ಬಂಡವಾಳ ಅಂದಿಗೂ ಇಂದಿಗೂ ತಲೆಯೊಳಗಿನದೇ.

ಹಂತ 6: ರೂಪ

ಚಿತ್ರ ಬರೆಯುವವರು ನೀವೇ ಆಗಲಿ ಬೇರೆಯವರಾಗಲಿ, ಒಂದು ಲೆಕ್ಕ ನೆನಪಿಡಿ. ಇಪ್ಪತ್ತೆರಡು ಪುಟದ ಸಂಚಿಕೆ, ಪುಟಕ್ಕೆ ಐದಾರು ಚೌಕ, ಅರ್ಧಕ್ಕಿಂತ ಹೆಚ್ಚಿನ ಚೌಕದಲ್ಲಿ ಹೀರೋ ಇರುತ್ತಾನೆ. ಅಂದರೆ ಆ ಉಡುಪನ್ನು ಒಂದು ಸಂಚಿಕೆಗೆ ಅರವತ್ತು ಎಪ್ಪತ್ತು ಸಲ ಬರೆಯಬೇಕು. ಬೆಲ್ಟಿನ ಮೇಲೆ ಹದಿನಾರು ಗುಂಡಿ ಇಟ್ಟ ದಿನ ಖುಷಿಯಾಗುತ್ತದೆ, ನಲವತ್ತನೇ ಸಲ ಬರೆಯುವಾಗ ಅಳು ಬರುತ್ತದೆ. ನಾನು ಅತ್ತಿದ್ದೇನೆ.

ಮೊದಲು ನೆರಳು ಪರೀಕ್ಷೆ. ಪಾತ್ರವನ್ನು ಪೂರ್ತಿ ಕಪ್ಪು ತುಂಬಿ, ಹೆಬ್ಬೆರಳ ಉಗುರಿನಷ್ಟಕ್ಕೆ ಇಳಿಸಿ. ಆಗಲೂ ಯಾರೆಂದು ಗೊತ್ತಾಗಬೇಕು. ಹೀರೋ ಮತ್ತು ಖಳನ ನೆರಳುಗಳನ್ನು ಅಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಹೋಲಬಾರದು. ರೇವತಿಯದು ತ್ರಿಕೋನ, ಭುಜದಿಂದ ಅಗಲವಾಗಿ ಇಳಿಯುವ ಮೇಲಂಗಿ. ಸದಾನಂದ ಉದ್ದ, ಸಣಕಲು, ಮೈಗೆ ಹಳೆಯ ಕ್ಯಾಸೆಟ್ಟಿನ ಟೇಪು ಸುತ್ತಿಕೊಂಡಿರುವುದರಿಂದ ಅಂಚೆಲ್ಲ ಎಳೆಎಳೆ.

ಬಣ್ಣಕ್ಕೆ ಹಳೆಯ ಕಾಮಿಕ್ಸ್‌ನಲ್ಲಿ ಒಂದು ರೂಢಿ ಕಾಣುತ್ತದೆ: ಹೀರೋಗಳಿಗೆ ಕೆಂಪು, ನೀಲಿ, ಹಳದಿ. ಖಳರಿಗೆ ಹಸಿರು, ನೇರಳೆ. ಸೂಪರ್‌ಮ್ಯಾನ್ ಒಂದು ಕಡೆ, ಜೋಕರ್ ಮತ್ತು ಗ್ರೀನ್ ಗಾಬ್ಲಿನ್ ಇನ್ನೊಂದು ಕಡೆ. ರೂಢಿ ಮುರಿದವರೂ ಇದ್ದಾರೆ, ಹಸಿರು ಹಲ್ಕ್ ಅವರಲ್ಲಿ ಒಬ್ಬ. ಅವನ ಹಸಿರಿನ ಹಿಂದೆ ಅಚ್ಚಿನ ತಾಪತ್ರಯವಿದೆ. 1962ರ ಮೊದಲ ಸಂಚಿಕೆಯಲ್ಲಿ ಅವನು ಬೂದು. ಆಗಿನ ಅಚ್ಚಿನಲ್ಲಿ ಬೂದು ಒಂದು ಪುಟದಲ್ಲಿ ಒಂದು ಥರ, ಇನ್ನೊಂದು ಪುಟದಲ್ಲಿ ಇನ್ನೊಂದು ಥರ ಬಂತು. ಎರಡನೇ ಸಂಚಿಕೆಗೆ ಹಸಿರಾದ. ಡೇರ್‌ಡೆವಿಲ್ ಕೂಡ 1964ರಲ್ಲಿ ಹಳದಿ ಉಡುಪಿನಲ್ಲಿ ಬಂದು ಏಳನೇ ಸಂಚಿಕೆಗೆ ಪೂರ್ತಿ ಕೆಂಪಾದ. ಮೊದಲ ಸಲವೇ ಬಣ್ಣ ಕೂಡಿಬರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ತೆರೆಯ ಮೇಲಷ್ಟೇ ನೋಡದೆ ಒಂದು ಪುಟ ಅಚ್ಚು ಹಾಕಿಸಿ ನೋಡಿ.

ಉಡುಪು ಏನಾದರೂ ಕೆಲಸ ಮಾಡುವಂತಿದ್ದರೆ ಇನ್ನೂ ಚೆನ್ನ. ಕಾಮಿಕ್ಸ್‌ನಲ್ಲಿ ಸದ್ದು ಕೇಳಿಸುವುದಿಲ್ಲ, ಕಾಣಿಸುತ್ತದೆ: ಧಡಾರ್, ಠಣ್, ಚಟ್ ಎಂಬ ಅಕ್ಷರಗಳಾಗಿ. ಹಾಗಾದರೆ ರೇವತಿ ಸದ್ದು ನುಂಗಿದಾಗ ಅಕ್ಷರಗಳು ಎಲ್ಲಿ ಹೋಗುತ್ತವೆ? ಅವಳ ಮೇಲಂಗಿಯೊಳಗೆ. ಅದು ಬರೆಯದ ಕಾಗದದಂತೆ ಬಿಳಿ. ನುಂಗಿದ ಪ್ರತಿ ಸದ್ದೂ ನೀಲಿ ಶಾಯಿಯ ಅಕ್ಷರವಾಗಿ ಅಂಚಿನಲ್ಲಿ ಮೂಡುತ್ತದೆ, ಸದ್ದು ಹೆಚ್ಚಾದಂತೆ ಅಕ್ಷರ ಭುಜದ ಕಡೆಗೆ ಏರುತ್ತದೆ. ಎಷ್ಟು ತುಂಬಿದೆ, ಇನ್ನೆಷ್ಟು ತಡೆದಾಳು ಎಂದು ಓದುಗರಿಗೆ ಒಂದೂ ಮಾತಿಲ್ಲದೆ ಗೊತ್ತಾಗುತ್ತದೆ. ಈ ಅನುಕೂಲ ಕನ್ನಡಕ್ಕೆ ಧಾರಾಳವಾಗಿದೆ. ಗಡಗಡ, ಪಟಪಟ, ಸರಸರ, ಜುಳುಜುಳು, ದಡದಡ: ನಮ್ಮಲ್ಲಿ ಅನುಕರಣಾವ್ಯಯಗಳಿಗೆ ಬರವೇ? ಇಂಗ್ಲಿಷಿನ 'ಬೂಮ್' ಅನ್ನು ಎರವಲು ತರುವ ಅಗತ್ಯವಿಲ್ಲ.

ಸದಾನಂದನ ಮಾತಿನ ಗುಳ್ಳೆಗಳಿಗೂ (ಪಾತ್ರದ ಮಾತು ಬರೆಯುವ ಬಲೂನುಗಳು) ಹೀಗೇ ಒಂದು ನಿಯಮ ಮಾಡಿಕೊಂಡೆ. ಅವನು ಬೇರೆಯವರ ಮಾತನ್ನೇ ಎಬ್ಬಿಸಿ ಮಾತಾಡುವುದರಿಂದ ಗುಳ್ಳೆಯ ಒಂದೊಂದು ಪದವೂ ಒಂದೊಂದು ಕೈಬರಹದಲ್ಲಿ.

ಕೊನೆಗೆ ಒಂದು ಮಾದರಿ ಹಾಳೆ ಮಾಡಿಟ್ಟುಕೊಳ್ಳಿ: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಪೂರ್ತಿ ಆಕೃತಿ, ನಾಲ್ಕೈದು ಮುಖಭಾವ, ಪ್ರತಿ ಬಣ್ಣದ ನಿಖರ ಸಂಕೇತ ಸಂಖ್ಯೆ, ಹೀರೋ ಮತ್ತು ಖಳ ಪಕ್ಕಪಕ್ಕ ನಿಂತಾಗಿನ ಎತ್ತರ. ಆರನೇ ತಿಂಗಳಲ್ಲಿ ಇದು ನಿಮ್ಮನ್ನು ಕಾಪಾಡುತ್ತದೆ.

ಹಂತ 7: ಹೆಸರು, ಮತ್ತು 'ಸ್ವಂತದ್ದು' ಎಂಬ ಮಾತು

ರೇವತಿಗೆ ಮೊದಲು ಇಟ್ಟ ಹೆಸರು 'ಶಬ್ದಭಕ್ಷಿಣಿ'. ಹರಿಕಥೆಯಿಂದ ಎದ್ದು ಬಂದಂತಿತ್ತು. ಅದಕ್ಕಿಂತ ಹೆಚ್ಚಾಗಿ, ಮಾತಿನ ಗುಳ್ಳೆಯೊಳಗೆ ಹಿಡಿಸುತ್ತಿರಲಿಲ್ಲ. ಕನ್ನಡದ ಪದಗಳು ವಿಭಕ್ತಿ ಸೇರಿ ಉದ್ದವಾಗುತ್ತವೆ ('ಶಬ್ದಭಕ್ಷಿಣಿಯಿಂದಾಗಿ' ಎಂದು ಬರೆದು ನೋಡಿ), ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಹಾಗಾಗಿ ಸಾಲುಗಳ ನಡುವೆ ಜಾಗವೂ ಹೆಚ್ಚು ಬೇಕು. ಹೆಸರು ಎರಡು ಮೂರು ಅಕ್ಷರವಾದರೆ ಕ್ಷೇಮ. ಈಗ ಅವಳು 'ಮೌನಿ'. ಮೌನಿ ಎಂದರೆ ಗಡ್ಡದ ಋಷಿ ಕಣ್ಮುಂದೆ ಬರುತ್ತಾನೆ ಎಂದು ಗೆಳೆಯನೊಬ್ಬ ಗೊಣಗಿದ. ಬರಲಿ ಬಿಡಿ, ಚೌಕದಲ್ಲಿ ಅವಳನ್ನು ಕಂಡಾಗ ಋಷಿ ಜಾಗ ಬಿಡುತ್ತಾನೆ. ಸದಾನಂದ 'ಮಾರ್ದನಿ'.

ಹೆಸರು ಖಾತ್ರಿ ಮಾಡಿಕೊಳ್ಳುವ ಮುನ್ನ ಹುಡುಕಾಡಿ: ಅಂತರ್ಜಾಲದಲ್ಲಿ, ಟ್ರೇಡ್‌ಮಾರ್ಕ್ ದಾಖಲೆಗಳಲ್ಲಿ, ಪುಸ್ತಕ ಮಾರುವ ತಾಣಗಳಲ್ಲಿ. ಹೋಲಿಕೆಯ ಜಗಳ ಈ ಕ್ಷೇತ್ರದಷ್ಟೇ ಹಳೆಯದು. 1941ರಲ್ಲಿ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ತಂದ ಕ್ಯಾಪ್ಟನ್ ಅಮೆರಿಕಾನ ಗುರಾಣಿ ಮೊದಲ ಸಂಚಿಕೆಯಲ್ಲಿ ದುಂಡಗಿರಲಿಲ್ಲ, ಮೇಲೆ ಅಗಲವಾಗಿ ಕೆಳಗೆ ಚೂಪಾಗಿತ್ತು. ಇನ್ನೊಂದು ಪ್ರಕಾಶನದ 'ಶೀಲ್ಡ್' ಎಂಬ ಹೀರೋನ ಎದೆಕವಚವನ್ನು ಹೋಲುತ್ತದೆ ಎಂದು ತಕರಾರು ಬಂತು. ಎರಡನೇ ಸಂಚಿಕೆಗೆ ದುಂಡಾಯಿತು, ಎಸೆದರೆ ತಿರುಗಿ ಬರುವ ಆ ಪ್ರಸಿದ್ಧ ಗುರಾಣಿ ಹುಟ್ಟಿದ್ದು ಹೀಗೆ. ಎಲ್ಲರ ಅದೃಷ್ಟ ಹಾಗಿರಲಿಲ್ಲ. ಫಾಸೆಟ್ ಪ್ರಕಾಶನದ ಕ್ಯಾಪ್ಟನ್ ಮಾರ್ವೆಲ್ 1940ರಲ್ಲಿ ಬಂದು ಭಾರಿ ಓಡಿತು. ಇದು ಸೂಪರ್‌ಮ್ಯಾನ್‌ನ ನಕಲು ಎಂದು 1941ರಲ್ಲಿ ಹಾಕಿದ ದಾವೆ ಹನ್ನೆರಡು ವರ್ಷ ಎಳೆದು, 1953ರಲ್ಲಿ ರಾಜಿಯಾಗಿ, ಫಾಸೆಟ್ ಆ ಪಾತ್ರದ ಪ್ರಕಟಣೆಯನ್ನೇ ನಿಲ್ಲಿಸಿತು.

ಹಾಗೆಂದು ಯಾರೂ ಮುಟ್ಟದ ಪವರ್ ಹುಡುಕುತ್ತಾ ಕೂರಬೇಡಿ. ಹಾರುವುದು, ಮಾಯವಾಗುವುದು, ಬಲ, ಇವೆಲ್ಲ ಎಲ್ಲರ ಆಸ್ತಿ. ನಿಮ್ಮದಾಗುವುದು ಪವರ್, ಗಾಯ, ಬೆಲೆ, ರೂಪ ಇವು ಕೂಡಿಕೊಂಡ ಬಗೆ. ಒಂದು ಪರೀಕ್ಷೆ: ನಿಮ್ಮ ಹೀರೋನನ್ನು ಹೆಸರು ಹೇಳದೆ ಎರಡು ವಾಕ್ಯದಲ್ಲಿ ಬಣ್ಣಿಸಿ. ಕೇಳಿದವರು 'ಓ, ಅವನಾ?' ಎಂದು ಇನ್ನೊಬ್ಬನ ಹೆಸರು ಹೇಳಿದರೆ ಹಂತ 2ಕ್ಕೆ ವಾಪಸು ಹೋಗಿ.

ಬರೆಯುವವರು ಒಬ್ಬರು, ಚಿತ್ರ ಬಿಡಿಸುವವರು ಇನ್ನೊಬ್ಬರು ಆಗಿದ್ದರೆ ಪಾತ್ರ ಯಾರದು, ಹಣ ಬಂದರೆ ಪಾಲೆಷ್ಟು, ಹೆಸರು ಎಲ್ಲಿ ಹಾಕುವುದು ಎಂಬುದನ್ನು ಮೊದಲ ಪುಟಕ್ಕೂ ಮೊದಲು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಸ್ನೇಹ ಗಟ್ಟಿಯಾಗಿರುವಾಗಲೇ ಹಾಕಿ. ಸೀಗಲ್ ಮತ್ತು ಶೂಸ್ಟರ್ ಸೂಪರ್‌ಮ್ಯಾನ್‌ನ ಹಕ್ಕನ್ನು ಬರೆದುಕೊಟ್ಟಾಗ ಸಿಕ್ಕಿದ್ದು 130 ಡಾಲರ್. ಬ್ಯಾಟ್‌ಮ್ಯಾನ್ ಬಾಬ್ ಕೇನ್ ಒಬ್ಬರದೇ ಎಂದು ದಶಕಗಳ ಕಾಲ ಅಚ್ಚಾಗುತ್ತಿತ್ತು. ಜೊತೆಗೆ ಕೂತು ಆ ಪಾತ್ರಕ್ಕೆ ರೂಪ ಕೊಟ್ಟ ಬಿಲ್ ಫಿಂಗರ್ ತೀರಿಕೊಂಡದ್ದು 1974ರಲ್ಲಿ, ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ.

ಹಂತ 8: ಎಂಟು ಪುಟದಲ್ಲಿ ಓಡಿಸಿ ನೋಡಿ

ಇನ್ನೂರು ಸಂಚಿಕೆಯ ಮಹಾಯೋಜನೆ ಆಮೇಲೆ. ಮೊದಲು ಎಂಟು ಪುಟದ ಪೂರ್ತಿ ಕಥೆ: ಹೀರೋ ಒಮ್ಮೆ ಗೆಲ್ಲಬೇಕು, ಖಳ ಒಮ್ಮೆ ಗೆಲ್ಲಬೇಕು, ಪವರ್ ಖಾತೆಯ ನಾಲ್ಕೂ ಸಾಲು ಒಮ್ಮೆ ಬಳಕೆಯಾಗಬೇಕು. ಅಮೆರಿಕದ ಕಾಮಿಕ್ಸ್‌ನವರು ಮೂಲ ಚಿತ್ರವನ್ನು 11 ಇಂಚು ಅಗಲ, 17 ಇಂಚು ಎತ್ತರದ ಹಾಳೆಯಲ್ಲಿ ಬರೆದು ಸುಮಾರು ಮೂರನೇ ಎರಡರಷ್ಟಕ್ಕೆ ಇಳಿಸುತ್ತಾರೆ. ಇಳಿಸಿದಾಗ ಗೆರೆ ಚೊಕ್ಕವಾಗುತ್ತದೆ. ಮೊಬೈಲಿನಲ್ಲಿ ಓದುವವರಿಗಾಗಿ ಮಾಡುತ್ತಿದ್ದರೆ ಪುಟಕ್ಕೆ ಮೂರು ನಾಲ್ಕು ಚೌಕ ಸಾಕು, ಅಕ್ಷರ ದೊಡ್ಡದಿರಲಿ.

ನನ್ನ ಐದನೇ ಪುಟದ ಟಿಪ್ಪಣಿ ಇದ್ದ ಹಾಗೇ ಕೊಡುತ್ತೇನೆ, ಚಿತ್ರಕಾರರಿಗೆ ಎಷ್ಟು ಬರೆದುಕೊಡಬೇಕು ಎಂಬುದಕ್ಕೆ ಅಂದಾಜು ಸಿಗುತ್ತದೆ.

ಚೌಕ 1: ಸಂಜೆ, ಊರ ವೃತ್ತ, ಜನ ಕಿಕ್ಕಿರಿದಿದ್ದಾರೆ. ಗೋಡೆಗಳಿಂದ ಹಳೆಯ ಮಾತುಗಳು ಗುಳ್ಳೆಗಳಾಗಿ ಉಕ್ಕುತ್ತಿವೆ, ಒಂದರ ಮೇಲೊಂದು. ಜನರ ಮುಖ ಅರ್ಧ ಮುಚ್ಚಿಹೋಗಿದೆ.

ಚೌಕ 2: ಮೌನಿ ನಡುವೆ ನಿಂತು ತೋಳು ಚಾಚಿದ್ದಾಳೆ. ಹತ್ತಿರದ ಗುಳ್ಳೆಗಳು ಅವಳ ಕಡೆಗೆ ಬಾಗಿವೆ, ಅಕ್ಷರಗಳು ಉದ್ದಕ್ಕೆ ಎಳೆದುಕೊಂಡಿವೆ.

ಚೌಕ 3: ಪುಟದ ಪೂರ್ತಿ ಅಗಲ. ಒಂದೂ ಅಕ್ಷರವಿಲ್ಲ. ಜನರ ಬಾಯಿ ತೆರೆದಿದೆ, ಗುಳ್ಳೆಗಳು ಖಾಲಿ. ಒಂದು ಮಗು ಖಾಲಿ ಗುಳ್ಳೆಯನ್ನು ಬೆರಳಿಂದ ಮುಟ್ಟುತ್ತಿದೆ.

ಚೌಕ 4: ಮೇಲಂಗಿಯ ಅಂಚು ಹತ್ತಿರದಿಂದ. ಶಾಯಿ ಭುಜದವರೆಗೂ ಏರಿದೆ. ನೂರಾರು ಮಾತಿನ ನಡುವೆ ಒಂದು ವಾಕ್ಯ ಮಾತ್ರ ಗೆರೆ ಹೊಡೆದಂತಿದೆ, ಓದಲು ಆಗುವುದಿಲ್ಲ.

ಚೌಕ 5: ಛಾವಣಿಯ ಮೇಲೆ ಮಾರ್ದನಿ. ಮೌನಿಗೆ ಬೆನ್ನ ಹಿಂದೆ ಇರುವುದರಿಂದ ಅವಳಿಗೆ ಕಾಣದು, ಕೇಳದು. ಅವನ ಗುಳ್ಳೆ, ಮೂರು ಪದ, ಮೂರು ಕೈಬರಹ: "ಅದು. ನಿನ್ನ. ಬಳಿಯೇ?"

ಎಂಟು ಪುಟ ಮುಗಿದ ಮೇಲೆ ಕಾಮಿಕ್ಸ್ ಓದುವ ಒಬ್ಬರಿಗೂ ಎಂದೂ ಓದದ ಒಬ್ಬರಿಗೂ ಕೊಡಿ. 'ಹೇಗಿದೆ' ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಓದಿ ಮುಗಿಸಿ ಅವರಾಗಿಯೇ ಮೊದಲು ಏನು ಕೇಳುತ್ತಾರೆ ಎಂದು ಕಾಯಿರಿ. ಪವರ್ ಬಗ್ಗೆ ಕೇಳಿದರೆ ಹಂತ 3ರ ಖಾತೆ ಪುಟದಲ್ಲಿ ಸ್ಪಷ್ಟವಾಗಿಲ್ಲ ಎಂದರ್ಥ. ಯಾರು ಯಾರೆಂದು ಕೇಳಿದರೆ ರೂಪದಲ್ಲಿ ತೊಡಕಿದೆ. ಏನನ್ನೂ ಕೇಳದೆ ಹಾಳೆ ವಾಪಸು ಕೊಟ್ಟರೆ ಮತ್ತೆ ಹಂತ 1.

ನನ್ನ ಹಾಳೆಗಳನ್ನು ಓದಿದ ಗೆಳತಿ ಐದನೇ ಪುಟಕ್ಕೆ ಎರಡು ಸಲ ಹಿಂದಕ್ಕೆ ಹೋದಳು. ಗೆರೆ ಹೊಡೆದ ಸಾಲಿನ ಮೇಲೆ ಬೆರಳಿಟ್ಟು, "ಏನೋ ಇದು, ಅವನು ಅವತ್ತು ಕೋರ್ಟಿನಲ್ಲಿ ಹೇಳಿದ್ದೇನು?" ಎಂದಳು. ನಾನು ಅದನ್ನಿನ್ನೂ ಬರೆದಿಲ್ಲ. ಎರಡನೇ ಸಂಚಿಕೆಯ ಹಾಳೆ ಮೇಜಿನ ಮೇಲಿದೆ, ತಲೆಯಲ್ಲಿ ಅವಳ ಪ್ರಶ್ನೆಯನ್ನೇ ಬರೆದಿಟ್ಟಿದ್ದೇನೆ.